ಸ್ಪಷ್ಟನೆ: ಭೂತಾನಿಗರ ಮಾಹಿತಿಯನ್ನು ಇಥೀರಿಯಂಗೆ ಸುರಿದಿಲ್ಲ

ಭೂತಾನ್ ತನ್ನ ಸುಮಾರು 8 ಲಕ್ಷ ಜನರ ಹೆಸರು, ಜನ್ಮದಿನಾಂಕ, ಭಾವಚಿತ್ರಗಳನ್ನೆಲ್ಲ ಇಥೀರಿಯಂ ಎಂಬ ಬ್ಲಾಕ್‌ಚೈನ್‌ನಲ್ಲಿ (ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ಸಾರ್ವಜನಿಕ ದಾಖಲೆ ಪುಸ್ತಕದಲ್ಲಿ) ಇರಿಸಿದೆ, ಯಾರು ಬೇಕಾದರೂ ಓದಬಹುದು ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಭೂತಾನಿನ ರಾಷ್ಟ್ರೀಯ ಡಿಜಿಟಲ್ ಗುರುತು 2023ರಲ್ಲಿ ಹೈಪರ್‌ಲೆಡ್ಜರ್ ಇಂಡಿ ಎಂಬ ಬ್ಲಾಕ್‌ಚೈನ್ ಮೇಲೆ ಆರಂಭವಾಯಿತು. 2024ರಲ್ಲಿ ಪಾಲಿಗಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ಗೆ ಹೋಯಿತು. ಇಥೀರಿಯಂ ಕಡೆಗಿನ ಪ್ರಯಾಣ 2025ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಸಾಗಿದ್ದು ಜನರ ದಾಖಲೆಗಳಲ್ಲ. ಗುರುತನ್ನು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರ ಇರುವುದು ಪ್ರಜೆಯ ಮೊಬೈಲ್‌ನಲ್ಲಿ. ಅದನ್ನು ನೀಡಿದ ಇಲಾಖೆ ತನ್ನ ಗುಪ್ತ ಕೀಲಿಯಿಂದ ಸಹಿ ಹಾಕಿರುತ್ತದೆ. ಆ ಸಹಿಯನ್ನು ತಾಳೆ ನೋಡಲು ಬೇಕಾದ ಸಾರ್ವಜನಿಕ ಕೀಲಿ, ಪ್ರಮಾಣಪತ್ರದ ನಮೂನೆ ಮುಂತಾದವು ಮಾತ್ರ ಬ್ಲಾಕ್‌ಚೈನ್‌ನಲ್ಲಿ ಇರುತ್ತವೆ. ಬ್ಯಾಂಕು ತಹಶೀಲ್ದಾರರ ಮೊಹರಿನ ಮಾದರಿಯನ್ನು ಇಟ್ಟುಕೊಂಡಂತೆ. ನಿಮ್ಮ ಆದಾಯ ಪತ್ರ ನಿಮ್ಮ ಜೇಬಿನಲ್ಲೇ ಇರುತ್ತದೆ.

ಇದಕ್ಕೆ ಪ್ರತಿಯಾಗಿ ಉತ್ಸಾಹಿಗಳು ಹಬ್ಬಿಸುತ್ತಿರುವ "ಒಂದೇ ಗುರುತು, ಎಲ್ಲ ಬ್ಲಾಕ್‌ಚೈನ್‌ಗಳಲ್ಲೂ ತಾನಾಗಿಯೇ ನಡೆಯುತ್ತದೆ" ಎಂಬ ಮಾತೂ ಅರ್ಧಸತ್ಯವೇ. ಇಂಥ ವಿಕೇಂದ್ರೀಕೃತ ಗುರುತಿನ (ಒಂದೇ ಕೇಂದ್ರದ ಹಿಡಿತದಲ್ಲಿಲ್ಲದ ಗುರುತಿನ) ವಿಳಾಸದಲ್ಲೇ ಅದು ಯಾವ ವಿಧಾನದ್ದು, ಅಂದರೆ ಅದನ್ನು ಎಲ್ಲಿ, ಹೇಗೆ ಹುಡುಕಬೇಕು ಎಂಬ ಸೂಚನೆ ಅಡಕವಾಗಿರುತ್ತದೆ. ಬ್ಲಾಕ್‌ಚೈನ್ ಬದಲಾದರೆ ಸಾಮಾನ್ಯವಾಗಿ ವಿಳಾಸವೂ ಬದಲಾಗುತ್ತದೆ, ಪ್ರಮಾಣಪತ್ರಗಳನ್ನು ಮತ್ತೆ ನೀಡಬೇಕಾಗಬಹುದು. ಪರಿಶೀಲಿಸುವ ತಂತ್ರಾಂಶಕ್ಕೂ ಹೊಸ ವಿಧಾನ ತಿಳಿದಿರಬೇಕು. (ಬ್ಲಾಕ್‌ಚೈನ್ ಇಲ್ಲದೆಯೇ ನಡೆಯುವ ವಿಧಾನಗಳೂ ಇವೆ. ಇದನ್ನು ಪ್ರಚಾರಕರು ಏಕೋ ಹೇಳುವುದೇ ಇಲ್ಲ.)

ವಿಧಾನಗಳ ಈ ಹೊಂದಾಣಿಕೆಯ ಕೊರತೆಯನ್ನೇ ಮುಂದಿಟ್ಟು ಗೂಗಲ್ ಮತ್ತು ಮೊಜಿಲ್ಲಾ ವಿಕೇಂದ್ರೀಕೃತ ಗುರುತಿನ ಮಾನದಂಡಕ್ಕೆ ಔಪಚಾರಿಕ ಆಕ್ಷೇಪ ಸಲ್ಲಿಸಿದ್ದವು. ಆ ಆಕ್ಷೇಪವನ್ನು ತಳ್ಳಿಹಾಕಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಒಕ್ಕೂಟ 2022ರ ಜುಲೈನಲ್ಲಿ ಆ ಮಾನದಂಡವನ್ನು ಅಂಗೀಕರಿಸಿತು.