ಪುಸ್ತಕಕ್ಕೆ ಹೊಂದದ ರೀಡಿಂಗು

ಅಮೆರಿಕದಲ್ಲಿ ಪದವಿ ಮಟ್ಟದ ಬೋಧನೆಗೇ ಒತ್ತು ಕೊಡುವ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಮನೋವಿಜ್ಞಾನ ಓದುತ್ತಿರುವ ಮಗಳು ಈಚೆಗೆ ಫೋನಿನಲ್ಲಿ, "ಅಮ್ಮ, ನೀಲಗಿರಿಯ ತೋಡರ ಮೇಲೆ ರಿವರ್ಸ್ ಮಾಡಿದ ಪ್ರಯೋಗ ನಿನಗೂ ಪಾಠಕ್ಕಿತ್ತಲ್ವಾ?" ಎಂದು ಕೇಳಿದಳು. ನಾನು ಬಿ.ಎ.ಯಲ್ಲಿ ಮನೋವಿಜ್ಞಾನ ಓದಿದ್ದು, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಊಟಿ ಸೇರಬಹುದಾದಷ್ಟು ಹತ್ತಿರದ ಊರಿನಲ್ಲಿ. ಆದರೂ ರಿವರ್ಸ್ ಎಂಬ ಬ್ರಿಟಿಷ್ ಮನೋವಿಜ್ಞಾನಿಯ ಹೆಸರು ನಮ್ಮ ತರಗತಿಯಲ್ಲಿ ಒಮ್ಮೆಯೂ ಕೇಳಿಬಂದಿರಲಿಲ್ಲ. ನಮ್ಮ ನೆರೆಯ ಬೆಟ್ಟದ ಜನರ ಸಂಗತಿಯನ್ನು ಮಗಳ ಬಾಯಿಂದ, ಅದೂ ಸಮುದ್ರದಾಚೆಯಿಂದ ಕೇಳಬೇಕಾಯಿತಲ್ಲ ಎಂದು ಸ್ವಲ್ಪ ಚುಚ್ಚಿತು.

ಮುಲ್ಲರ್-ಲೈಯರ್ ಭ್ರಮೆಯನ್ನು ಈ ವಿಷಯ ಓದಿದವರೆಲ್ಲರೂ ಬಲ್ಲರು: ಸಮ ಉದ್ದದ ಎರಡು ಗೆರೆಗಳಲ್ಲಿ ಒಂದರ ತುದಿಗೆ ಬಾಣದ ಮೊನೆಯನ್ನೂ ಇನ್ನೊಂದರ ತುದಿಗೆ ಹೊರಚಾಚಿದ ಕವಲುಗಳನ್ನೂ ಬರೆದರೆ ಎರಡನೆಯದು ಉದ್ದವಾಗಿ ಕಾಣುತ್ತದೆ. 1901-02ರಲ್ಲಿ ನೀಲಗಿರಿಗೆ ಬಂದ ಡಬ್ಲ್ಯು. ಎಚ್. ಆರ್. ರಿವರ್ಸ್, ಈ ಭ್ರಮೆಗೆ ತೋಡರು ಇಂಗ್ಲಿಷರಿಗಿಂತ ಕಡಿಮೆ ಒಳಗಾಗುತ್ತಾರೆಂದು ಕಂಡುಕೊಂಡರು. 1966ರಲ್ಲಿ ಸೆಗಾಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ ಎಂಬ ಸಂಶೋಧಕರು ಹಲವು ಸಮಾಜಗಳನ್ನು ಹೋಲಿಸಿ, ಈ ಭ್ರಮೆಯ ಪ್ರಮಾಣ ಎಲ್ಲೆಡೆಯೂ ಒಂದೇ ಅಲ್ಲವೆಂದು ತೋರಿಸಿದರು. ಅದಕ್ಕೆ ಕಾರಣವೇನೆಂಬ ವಾದ ಇನ್ನೂ ಮುಗಿದಿಲ್ಲ. ಮಗಳ ತರಗತಿಯಲ್ಲಿ ಇದನ್ನು ಪಾಠ ಮಾಡಿದ್ದು ತೋಡರ ಬಗ್ಗೆ ತಿಳಿಸುವುದಕ್ಕಲ್ಲ. ಬಂದ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದಾಗ, ಅನುಮಾನವನ್ನು ಮೊದಲು ಪುಸ್ತಕದ ಮೇಲೂ ತಿರುಗಿಸಬಹುದು ಎಂದು ಕಲಿಸುವುದಕ್ಕೆ.

ನಾವು ಕಲಿತದ್ದು ಇದಕ್ಕೆ ತದ್ವಿರುದ್ಧ. ಪ್ರಾಕ್ಟಿಕಲ್ ಕೊಠಡಿಯಲ್ಲಿ ಅದೇ ಭ್ರಮೆಯ ಒಂದು ಹಲಗೆಯಿತ್ತು. ಸಬ್ಜೆಕ್ಟ್, ಅಂದರೆ ಪ್ರಯೋಗಕ್ಕೆ ಒಳಗಾದವಳು ಎರಡು ಗೆರೆಗಳೂ ಸಮವೆನಿಸುವ ತನಕ ಪಟ್ಟಿಯನ್ನು ಸರಿಸಬೇಕು, ಎದುರು ಕುಳಿತವಳು ಹಿಂಬದಿಯ ಸ್ಕೇಲಿನಲ್ಲಿ ತಪ್ಪು ಎಷ್ಟು ಮಿಲಿಮೀಟರ್ ಎಂದು ಓದಿ ಬರೆದುಕೊಳ್ಳಬೇಕು. ನಮ್ಮ ಬ್ಯಾಚಿನ ಒಬ್ಬ ಹುಡುಗಿ ಪ್ರತಿ ಸಲವೂ ಪಟ್ಟಿಯನ್ನು ಹೆಚ್ಚುಕಡಿಮೆ ಸರಿಯಾದ ಜಾಗದಲ್ಲೇ ನಿಲ್ಲಿಸುತ್ತಿದ್ದಳು. ಮೇಡಂ ಅವಳ ಕೋಷ್ಟಕ ನೋಡಿ, "ಹೀಗೆ ಬರೋ ಹಾಗಿಲ್ಲಮ್ಮ, ಸರಿಯಾಗಿ ಕೂತು ಇನ್ನೊಂದು ಸಲ ಮಾಡು" ಎಂದರು. ಮೂರನೆಯ ಸಲಕ್ಕೆ ಅವಳಿಗೆ ಏನು ಬರಬೇಕೆಂಬುದು ತಿಳಿದಿತ್ತು, ಅದೇ ಬಂತು. ಇದಕ್ಕಿಂತಲೂ ವಿಚಿತ್ರವಾದದ್ದು ರೆಕಾರ್ಡ್ ಪುಸ್ತಕದ ಕೊನೆಯಲ್ಲಿ ಬರೆಯಬೇಕಾಗಿದ್ದ ಇಂಟ್ರೊಸ್ಪೆಕ್ಟಿವ್ ರಿಪೋರ್ಟ್. ಪ್ರಯೋಗದ ಹೊತ್ತಿನಲ್ಲಿ ತನ್ನ ಮನಸ್ಸಿನೊಳಗೆ ಏನಾಯಿತೆಂದು ಸಬ್ಜೆಕ್ಟ್ ತಾನೇ ನೋಡಿಕೊಂಡು ಹೇಳಬೇಕಾದ ಆ ನಾಲ್ಕು ಸಾಲು, ಹಿಂದಿನ ವರ್ಷದ ಸೀನಿಯರ್‌ಗಳ ರೆಕಾರ್ಡಿನಿಂದ ಇಡೀ ತರಗತಿಗೆ ಇಳಿದು ಬರುತ್ತಿತ್ತು: "ಪ್ರಯೋಗವು ಆಸಕ್ತಿದಾಯಕವಾಗಿತ್ತು. ಮೊದಲು ಕಷ್ಟವೆನಿಸಿದರೂ ನಂತರ ಸುಲಭವಾಯಿತು." ಅಂತರಾವಲೋಕನವನ್ನೂ ಕಾಪಿ ಹೊಡೆಯುವ ವ್ಯವಸ್ಥೆಯನ್ನು ಬೇರೆಲ್ಲಿಯೂ ನಾನು ಕಂಡಿಲ್ಲ.

ಮಗಳು ಕಳೆದ ಸೆಮಿಸ್ಟರ್‌ನಲ್ಲಿ, ಮೇಜಿನ ಮೇಲೆ ಫೋನು ಇದ್ದರೆ ಪದಗಳ ನೆನಪು ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಿದಳು. ನೈತಿಕ ಸಮಿತಿಯ ಅನುಮತಿ ಪಡೆದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ವಾರಗಟ್ಟಲೆ ಕುಳಿತು ಮಾಡಿದ ಕೆಲಸದ ಕೊನೆಗೆ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ನಾನು "ಅಯ್ಯೋ, ಈಗೇನು ಮಾಡ್ತೀಯೇ?" ಎಂದರೆ ಅವಳಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. ವ್ಯತ್ಯಾಸ ಕಾಣದಿರುವುದಕ್ಕೆ ಭಾಗವಹಿಸಿದವರ ಸಂಖ್ಯೆ ಸಣ್ಣದಾದದ್ದು ಕಾರಣವೋ, ಪದಗಳ ಪಟ್ಟಿ ತೀರ ಸುಲಭವಾದದ್ದೋ, ಅಥವಾ ಊಹೆಯೇ ಸುಳ್ಳೋ ಎಂದು ಅವಳು ಚರ್ಚಿಸಿದ ಪುಟಗಳಿಗೇ ಅಧ್ಯಾಪಕರು ಅತಿ ಹೆಚ್ಚು ಅಂಕ ಕೊಟ್ಟಿದ್ದರು. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಿಎಚ್.ಡಿ. ವಿದ್ಯಾರ್ಥಿಗಳು ಇರುವುದಿಲ್ಲವಾದ್ದರಿಂದ, ಅಧ್ಯಾಪಕರ ಸಂಶೋಧನೆಗೆ ಕೈಜೋಡಿಸುವವರು ಪದವಿಯ ಹುಡುಗ ಹುಡುಗಿಯರೇ. ಇದು ನಿನ್ನೆ ಮೊನ್ನೆಯ ರೂಢಿಯಲ್ಲ: ಮನೋವಿಜ್ಞಾನಿ ಮೇರಿ ವಿಟನ್ ಕ್ಯಾಲ್ಕಿನ್ಸ್ 1891ರಲ್ಲಿ ವೆಲ್‌ಸ್ಲಿ ಎಂಬ ಮಹಿಳಾ ಕಾಲೇಜಿನಲ್ಲಿ ಪ್ರಯೋಗಾಲಯ ತೆರೆದು ಪದವಿ ವಿದ್ಯಾರ್ಥಿನಿಯರ ಕೈಗೆ ಉಪಕರಣಗಳನ್ನು ಕೊಟ್ಟಿದ್ದರು.

ನಮಗೇನೂ ಪರಂಪರೆ ಇಲ್ಲದೆ ಇರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಬಳಿ ಕಲಿತು ಬಂದವರು, 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನ ರೇಡಿಯೊ ಪ್ರಸಾರ ಶುರುಮಾಡಿದವರು. ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಂಥವರ ನಾಡಿನಲ್ಲಿ ನಾವು ಬೈಂಡ್ ಮಾಡಿದ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು ಸಾಲು ನಿಲ್ಲುತ್ತಿದ್ದೆವು ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹೊಸ ಶಿಕ್ಷಣ ನೀತಿಯ ಹೆಸರಿನಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯಲ್ಲಾದರೂ ಸಂಶೋಧನೆಗೆ ಒಂದು ವರ್ಷ ಸಿಕ್ಕೀತೆಂದುಕೊಂಡರೆ, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೇ ಮರಳಿತು.

ಇಷ್ಟು ಹೇಳಿದ ಮೇಲೆ ಕೆಲವನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ನಮ್ಮ ಮೇಡಂ "ಮತ್ತೆ ಮಾಡು" ಎಂದದ್ದು ಆ ಹುಡುಗಿಯ ಅಂಕ ಉಳಿಸಲು. ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರಿಗೆ ಕಾರಣ ಕೇಳುವ ವ್ಯವಧಾನ ಇರುತ್ತಿರಲಿಲ್ಲ. ತರಗತಿ ಕಿಕ್ಕಿರಿದಿತ್ತು, ಹಲಗೆ ಇದ್ದದ್ದು ಒಂದೇ. ನಮ್ಮನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿದ್ದರು. ಹೊರರೋಗಿಗಳ ವಿಭಾಗದ ಬೆಂಚಿನ ಮೇಲೆ ಮಗನ ಕೈ ಬಿಡದೆ ಕುಳಿತಿದ್ದ ಒಬ್ಬ ತಾಯಿಯನ್ನು ನೋಡಿದ ಮೇಲೆ ಪಠ್ಯದ ಎಷ್ಟೋ ಮಾತು ನನಗೆ ಅರ್ಥವಾದವು. ಮಗಳು ಈವರೆಗೆ ಒಬ್ಬ ರೋಗಿಯನ್ನೂ ಕಂಡಿಲ್ಲ, ಅವಳ ಪ್ರಯೋಗಗಳಿಗೆ ಬರುವವರೆಲ್ಲ ಕೋರ್ಸಿನ ಕ್ರೆಡಿಟ್‌ಗಾಗಿ ಬರುವ ಅವಳದೇ ವಯಸ್ಸಿನ ಸಹಪಾಠಿಗಳು. ಇಂಥ ಹಲವು ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷದ ಖರ್ಚು 80,000 ಡಾಲರ್ ದಾಟುತ್ತದೆ. ಅಷ್ಟು ಕೊಟ್ಟು ಪಡೆದ ಪದವಿಯೊಂದರಿಂದಲೇ ಚಿಕಿತ್ಸೆ ನೀಡುವ ಅರ್ಹತೆ ಸಿಗುವುದಿಲ್ಲ, ಮುಂದೆ ಇನ್ನೂ ಹಲವು ವರ್ಷ ಓದಬೇಕು. ಆ ಹಣವನ್ನು ನಮ್ಮ ಸರ್ಕಾರಿ ಕಾಲೇಜುಗಳಿಂದ ಕೇಳುವುದು ಅನ್ಯಾಯ. ಆದರೆ ಕಡಿಮೆ ಮಿಲಿಮೀಟರ್ ಬಂದ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು "ನಿನಗೆ ಮಾತ್ರ ಯಾಕೆ ಹೀಗೆ ಬಂತಮ್ಮ?" ಎಂದು ಪರೀಕ್ಷಕರು ಕೇಳುವುದಕ್ಕೆ, ಆ ಉತ್ತರಕ್ಕೆ ಐದು ಅಂಕ ಮೀಸಲಿಡುವುದಕ್ಕೆ ಡಾಲರ್ ಬೇಕಿಲ್ಲ, ಪಠ್ಯಕ್ರಮ ಸಮಿತಿಯ ಒಂದು ಸಭೆ ಸಾಕು.