ಕಪ್ಪು ಬೆಲ್ಲ, ಹಳದಿ ಬೆಲ್ಲ

ಮೊನ್ನೆ ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯವರು "ನಿಯತ್ತಾಗಿ ವ್ಯಾಪಾರ ಮಾಡಿ ಉದ್ಧಾರ ಆದವನನ್ನ ಒಬ್ಬನನ್ನ ತೋರಿಸಿ ನೋಡೋಣ" ಅಂದರು. ಎದುರು ಸಾಲಿನಲ್ಲಿದ್ದ ಮೇಷ್ಟ್ರು ತಕ್ಷಣ "ಮೋಸ ಯಾವತ್ತೂ ಬಾಳಲ್ಲ ಕಣ್ರೀ" ಅಂದರು. ನಾನು ಪಾಯಸದ ಕಡೆ ಗಮನ ಕೊಟ್ಟು ಸುಮ್ನೆ ಇದ್ದೆ. ಇಬ್ಬರೂ ಅರ್ಧ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತ್ತು, ಆದರೆ ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸುವಂಥ ವಿಷಯ ಅಲ್ಲ ಅದು.

ನಾನು ನಾಲ್ಕು ವರ್ಷ ಮೈಸೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದೆ. ಮಂಡ್ಯ ಕಡೆಯ ಸಂಬಂಧಿಕರೊಬ್ಬರ ಆಲೆಮನೆಯಿಂದ ಬೆಲ್ಲ ತರಿಸುತ್ತಿದ್ದೆ. ಅವರದು ಹಳೇ ಪದ್ಧತಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಸ್ವಲ್ಪ ಸುಣ್ಣ, ಬೆಂಡೆ ಗಿಡದ ಲೋಳೆ, ಮೇಲೆ ಬಂದ ಕೊಳೆ ತೆಗೆಯೋದು, ಅಷ್ಟೇ. ಬೆಲ್ಲ ಕಂದು ಬಣ್ಣಕ್ಕೆ ಬರುತ್ತಿತ್ತು. ಗಿರಾಕಿಗಳು ಒಂದು ಸಲ ನೋಡಿ, "ಇದೇನ್ ಸಾರ್ ಕಪ್ಪಗಿದೆ, ಹಳೇದಾ?" ಅಂತ ಕೇಳಿ, ಪಕ್ಕದ ಅಂಗಡಿಯಲ್ಲಿ ಚಿನ್ನದ ಥರ ಹೊಳೆಯುವ ಬೆಲ್ಲ ತೂಗಿಸಿಕೊಂಡು ಹೋಗುತ್ತಿದ್ದರು.

ಆ ಹೊಳಪು ಎಲ್ಲಿಂದ ಬರುತ್ತೆ ಅಂತ ಆಲೆಮನೆ ಕಂಡವರಿಗೆಲ್ಲ ಗೊತ್ತು. ಹೈಡ್ರೋಸ್ ಅಂತ ಒಂದು ಪುಡಿ ಇದೆ, ಹಾಕಿದರೆ ಬಣ್ಣ ತಿಳಿಯಾಗುತ್ತೆ. ಇನ್ನು ಸಕ್ಕರೆ ಬೆಲ್ಲಕ್ಕಿಂತ ಅಗ್ಗವಾದಾಗ ಕೆಲವರು ಸಕ್ಕರೆಯನ್ನೇ ಮೂಟೆಗಟ್ಟಲೆ ಕೊಪ್ಪರಿಗೆಗೆ ಸುರಿಯುತ್ತಾರೆ. ಲೆಕ್ಕ ಹಾಕಿ ನೋಡಿ, 10 ಕೆಜಿ ಕಬ್ಬು ಅರೆದರೆ ಹೆಚ್ಚುಕಡಿಮೆ 1 ಕೆಜಿ ಬೆಲ್ಲ, ಸಕ್ಕರೆ ಆದರೆ ಸುರಿದಷ್ಟೂ ತೂಕ. ನಮ್ಮ ಸಂಬಂಧಿಕರು ಒಂದು ದಿನ ಬೇಜಾರಲ್ಲಿ "ನಾನು ಮೋಸ ಮಾಡಲ್ಲ ಅಂದ್ರೂ ನಿನ್ನ ಗಿರಾಕಿ ಬಿಡಲ್ಲವಲ್ಲೋ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ನನಗನ್ನಿಸೋದು ಇಷ್ಟೇ. ಕೊಳ್ಳುವವನಿಗೆ ಒಳಗೇನಿದೆ ಅಂತ ಕಾಣುವ ಕಡೆ ನಿಯತ್ತಿಗೆ ಬೆಲೆ ಬರುತ್ತೆ, ಕಾಣದ ಕಡೆ ಮೋಸವೇ ಗೆಲ್ಲುತ್ತೆ, ಅದೂ ಬಹಳ ವರ್ಷ.

ಬೆಂಗಳೂರಿನ ಎಂಟಿಆರ್ ನೋಡಿ. 1924ರಲ್ಲಿ ಶುರುವಾದ ಹೋಟೆಲ್. ಲಾಲ್‌ಬಾಗ್ ಹತ್ತಿರ ಈಗಿರುವ ಜಾಗದಲ್ಲಿ ಗಿರಾಕಿ ಅಡುಗೆಮನೆಯನ್ನು ಕಣ್ಣಾರೆ ನೋಡಲಿ ಅಂತ ಬಿಟ್ಟರು. ಅಡುಗೆ ಚೆನ್ನಾಗಿದೆ ಅಂತ ಬೋರ್ಡ್ ಹಾಕುವುದು ಬೇರೆ, ಒಳಗೆ ಬಂದು ನೋಡಿ ಅನ್ನುವುದು ಬೇರೆ, ಅಲ್ವಾ? ಆಮೇಲೆ ತುರ್ತು ಪರಿಸ್ಥಿತಿ ಬಂತು, ಸರ್ಕಾರ ಹೋಟೆಲ್ ತಿಂಡಿಗೆ ದರ ಕಟ್ಟಿತು. ಆ ದರಕ್ಕೆ ಅದೇ ತಿಂಡಿ ಕೊಟ್ಟರೆ ಲಾಸು. ತುಪ್ಪ ಸ್ವಲ್ಪ ಕಡಿಮೆ ಮಾಡಿದ್ದರೆ ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಅವರು ಹೋಟೆಲನ್ನೇ ಮುಚ್ಚಿದರು. ರವೆ ಇಡ್ಲಿ ಮಿಕ್ಸು, ಸಾರಿನ ಪುಡಿ ಅಂತ ಪೊಟ್ಟಣ ಮಾಡಿ ಮಾರುವ ವ್ಯಾಪಾರಕ್ಕೆ ಬಲ ಬಂದಿದ್ದು ಆಗಲೇ, ಆ ಪೊಟ್ಟಣದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಕಥೆ ಕೇಳೋಕೆ ಚೆನ್ನಾಗಿದೆ. ಆದರೆ ಎಷ್ಟೋ ವರ್ಷ ಹೋಟೆಲ್ ಬಾಗಿಲು ಹಾಕಿಕೊಂಡು ಕೂರುವ ತಾಕತ್ತು ನನ್ನಂಥ ದಿನಸಿ ಅಂಗಡಿಯವನಿಗೆ ಎಲ್ಲಿಂದ ಬರಬೇಕು? ನಾನಾಗಿದ್ದರೆ ತುಪ್ಪ ಕಡಿಮೆ ಮಾಡುತ್ತಿದ್ದೆನೋ ಏನೋ.

ಇನ್ನು ಮೇಷ್ಟ್ರಿಗೆ ಉತ್ತರ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ. ಹೆಸರೇ ಸತ್ಯ! 2009ರ ಜನವರಿ 7ರಂದು ಅದರ ಮುಖ್ಯಸ್ಥ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು, ಲೆಕ್ಕದಲ್ಲಿ ತೋರಿಸಿದ ದುಡ್ಡಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ. ಹುಲಿ ಮೇಲೆ ಕೂತಂತಾಗಿತ್ತು, ಅದರ ಬಾಯಿಗೆ ಬೀಳದೆ ಇಳಿಯೋದು ಹೇಗೆ ಅಂತ ತಿಳಿಯಲಿಲ್ಲ ಅಂತಲೂ ಬರೆದಿದ್ದರು. ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಅವತ್ತು 40ಕ್ಕೆ ಬಿತ್ತು. 2015ರಲ್ಲಿ ಕೋರ್ಟು 7 ವರ್ಷ ಶಿಕ್ಷೆ ಹಾಕಿತು. "ನೋಡಿ, ಮೋಸ ಬಾಳಲಿಲ್ಲ" ಅಂತ ಮೇಷ್ಟ್ರು ಅನ್ನಬಹುದು. ಆದರೆ ಅದಕ್ಕೆ ಮುಂಚೆ ವರ್ಷಗಟ್ಟಲೆ ಬಾಳಿತ್ತಲ್ಲ? ಆಡಿಟರುಗಳು ಸಹಿ ಹಾಕಿದ್ದರು. ಹಿಂದಿನ ವರ್ಷವಷ್ಟೇ ಒಳ್ಳೆಯ ಆಡಳಿತಕ್ಕೆ ಪ್ರಶಸ್ತಿ ಬೇರೆ ಬಂದಿತ್ತು. ಅದೂ ಹಳದಿ ಬೆಲ್ಲವೇ, ಹೊರಗಿನ ಹೊಳಪು ನೋಡಿ ಎಲ್ಲರೂ ತೂಗಿಸಿಕೊಂಡರು.

ನಾನು ಕೊನೆಗೆ ಏನು ಮಾಡಿದೆ ಅಂದರೆ, ಗಲ್ಲಾ ಪಕ್ಕ ತಟ್ಟೆಯಲ್ಲಿ ಎರಡೂ ಬೆಲ್ಲ ಪುಡಿ ಮಾಡಿ ಇಟ್ಟೆ, ತಿಂದು ನೋಡಿ ಅಂತ. ತಿಂದವರಲ್ಲಿ ಒಂದಷ್ಟು ಜನ ಕಪ್ಪು ಬೆಲ್ಲಕ್ಕೆ ತಿರುಗಿದರು. ಜಾಸ್ತಿ ಜನ ತಿನ್ನಲೇ ಇಲ್ಲ. ಅಂಗಡಿ ಮುಚ್ಚಿದ್ದು ಬೆಲ್ಲದಿಂದಲ್ಲ, ಬಾಡಿಗೆಯಿಂದ, ಅದು ಬೇರೆ ಗೋಳು.

ಕಳೆದ ತಿಂಗಳು ಆ ಬೀದಿಗೆ ಹೋಗಿದ್ದೆ. ಪಕ್ಕದ ಅಂಗಡಿಯವನು ಈಗ ಕಪ್ಪು ಬೆಲ್ಲವನ್ನೂ ಇಟ್ಟಿದ್ದಾನೆ. ಮೇಲೆ "ಆರ್ಗ್ಯಾನಿಕ್" ಅಂತ ಚೀಟಿ, ಕೆಜಿಗೆ 40 ರೂಪಾಯಿ ಜಾಸ್ತಿ. "ಯಾವ ಆಲೆಮನೇದಪ್ಪ ಇದು?" ಅಂತ ಕೇಳಿದೆ.

"ಗೊತ್ತಿಲ್ಲಣ್ಣ, ಲೋಡ್ ಬರುತ್ತೆ" ಅಂದ.