ನಟ್ ಬಿಗಿದರೆ ರಿಪೇರಿ ಮುಗಿಯಿತೆನ್ನುವವರ ಕೈಗೆ ಸಿಕ್ಕಿ

ನಮ್ಮ ಸಣ್ಣ ಟ್ರ್ಯಾಕ್ಟರಿನ ಮುಂದಿನ ಎಡಗಾಲಿ ಅಳ್ಳಾಡಲು ಶುರುವಾದದ್ದು ಪುನರ್ವಸು ಮಳೆಯ ಹೊತ್ತಿಗೆ. ಆಳಂದ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ತೊಗರಿಯ ಸಾಲುಗಳ ನಡುವೆ ನಾಲ್ಕು ಅಡಿ ಬಿಟ್ಟು ಬಿತ್ತಿದ್ದೇ ಈ ಟ್ರ್ಯಾಕ್ಟರ್ ಹಾಯಲಿ, ಎಡೆ ಹೊಡೆಯುವುದಕ್ಕೆ ಎತ್ತಿನ ಬಾಡಿಗೆಗಾಗಿ ಯಾರ ಮನೆಯ ಬಾಗಿಲಿಗೂ ನಿಲ್ಲುವುದು ಬೇಡ ಎಂದು. ಅಂಥ ಹೊತ್ತಿನಲ್ಲಿ ಸ್ಟೇರಿಂಗ್ ಕೈಯಲ್ಲಿ ನಡುಗತೊಡಗಿತು. ನಾನು ಪಟ್ಟಣದ ಒಂದು ಗ್ಯಾರೇಜಿಗೆ ಗಾಡಿಯನ್ನು ಒಯ್ದೆ. ಒಂದಲ್ಲ, ಎರಡಲ್ಲ, ಮೂರು ಸಲ ಒಯ್ದೆ.

ಮೊದಲನೆಯ ಸಲ ಮಿಸ್ತ್ರಿ ಗಾಲಿಯ ನಡುವಿನ ಗುಂಬದ, ಅಂದರೆ ಹಬ್ಬಿನ ಮುಚ್ಚಳ ತೆಗೆದ, ಪಾನಾಕ್ಕೆ ಮೂರಡಿ ಉದ್ದದ ಪೈಪು ತೊಡಿಸಿದ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ನಟ್ಟನ್ನು ಬಿಗಿದ. ಗಾಲಿಯನ್ನು ಒಮ್ಮೆಯಾದರೂ ಕೈಯಿಂದ ತಿರುಗಿಸಿ ನೋಡಲಿಲ್ಲ. "ಪ್ಲೇ ಹೋಯ್ತ್ ನೋಡ್ರಿ ಕಾಕಾ, ಇನ್ನ ಎರಡು ವರ್ಷ ಈ ಕಡಿ ಬರಬ್ಯಾಡ್ರಿ" ಎಂದು ಮುನ್ನೂರು ರೂಪಾಯಿ ತೆಗೆದುಕೊಂಡ. ಪ್ಲೇ, ಅಂದರೆ ಗಾಲಿಯ ಅಲುಗಾಟ, ಹೋದದ್ದು ನಿಜ. ಆದರೆ ಒಂದು ಎಕರೆ ಎಡೆ ಹೊಡೆಯುವಷ್ಟರಲ್ಲಿ ಹಬ್ಬಿನ ಮೇಲೆ ಅಂಗೈ ಇಡಲಾಗದಷ್ಟು ಕಾವು ಏರಿತ್ತು, ಮುಚ್ಚಳದ ಸಂದಿಯಿಂದ ಗ್ರೀಸ್ ಎಣ್ಣೆಯಂತೆ ಕರಗಿ ಸೋರುತ್ತಿತ್ತು, ಹತ್ತು ದಿನ ಕಳೆಯುವುದರೊಳಗೆ ಗಾಲಿ ಮೊದಲಿಗಿಂತ ಹೆಚ್ಚು ಅಳ್ಳಾಡುತ್ತಿತ್ತು.

ಈ ಗಾಲಿಯೊಳಗೆ ಇರುವುದು ಶಂಕುವಿನಾಕಾರದ ರೋಲರುಗಳ ಎರಡು ಟೇಪರ್ ಬೇರಿಂಗುಗಳು. ನಟ್ಟನ್ನು ಅತಿಯಾಗಿ ಬಿಗಿದರೆ ಆ ರೋಲರುಗಳು ಕೋನು ಎಂಬ ಒಳಬಳೆ ಮತ್ತು ಕಪ್ಪು ಎಂಬ ಹೊರಬಳೆಯ ನಡುವೆ ಅಮುಕಿಕೊಂಡು, ಗ್ರೀಸಿನ ಪದರಕ್ಕೂ ಜಾಗವಿಲ್ಲದೆ, ಉರುಳುವ ಬದಲು ತಿಕ್ಕಾಡಿ ಕಾಯುತ್ತವೆ. ಕಾದ ಲೋಹ ಹಿಗ್ಗುವುದರಿಂದ ಬಿಗಿತ ಇನ್ನೂ ಹೆಚ್ಚಾಗುತ್ತದೆ. ಆದ್ದರಿಂದ ಈ ಬೇರಿಂಗಿಗೆ ಒಂದು ಹಾಳೆ ಕಾಗದದ ದಪ್ಪಕ್ಕಿಂತ ಕಡಿಮೆಯಾದರೂ ಸ್ವಲ್ಪ ಸಡಿಲ ಇರಲೇಬೇಕು. ಇದು ನಿನ್ನೆ ಮೊನ್ನೆ ಬಂದ ವಿದ್ಯೆಯಲ್ಲ. ಇಂಥ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಂಕನ್ ಪೇಟೆಂಟ್ ಪಡೆದದ್ದು 1898ರಲ್ಲಿ. ಅಷ್ಟು ದೂರವಾದರೂ ಏಕೆ ಹೋಗಬೇಕು? ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕಿ ಕಡೆಗೀಲು ಬಡಿಯುತ್ತಿದ್ದ ನನ್ನ ಅಪ್ಪನಿಗೂ ಗಾಲಿ ಅಚ್ಚಿನ ಮೇಲೆ ಕೊಂಚ ಆಡಬೇಕೆಂಬುದು ಗೊತ್ತಿತ್ತು, ಅವನು ಯಾವ ಗ್ಯಾರೇಜಿನಲ್ಲೂ ಕೆಲಸ ಕಲಿತವನಲ್ಲ.

ಎರಡನೆಯ ಸಲ ಅದೇ ಮಿಸ್ತ್ರಿ ಗಾಲಿಯನ್ನು ಕಾಲಿನಿಂದ ಒಮ್ಮೆ ಒದ್ದು, "ಕಿಂಗ್ ಪಿನ್ ಬುಶ್ ಹೋಗ್ಯಾವ್ರೀ" ಎಂದು, ಅಂದರೆ ಮುಂದಿನ ಗಾಲಿ ಎಡಬಲ ಹೊರಳುವ ಕೀಲಿನ ಬುಶ್ ಸವೆದಿದೆಯೆಂದು ತೀರ್ಪು ಕೊಟ್ಟ. ಆಕ್ಸಲನ್ನು ಜಾಕಿನಿಂದ ಎತ್ತಿ, ಗಾಲಿಯ ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲುಗಿಸುವಾಗ ಇನ್ನೊಬ್ಬರು ಹಿಂದೆ ಕುಳಿತು ನೋಡಿದರೆ, ಗಾಲಿಯನ್ನು ಹೊರುವ ಗಿಡ್ಡ ಅಚ್ಚಾದ ಸ್ಟಬ್ ಆಕ್ಸಲ್ ಸಹಿತ ಎಲ್ಲವೂ ಅಲುಗುತ್ತದೆಯೋ ಅಥವಾ ಹಬ್ ಮಾತ್ರ ಅಲುಗುತ್ತದೆಯೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಮೊದಲನೆಯದಾದರೆ ಕಿಂಗ್ ಪಿನ್, ಎರಡನೆಯದಾದರೆ ಬೇರಿಂಗ್. ಆ ಎರಡು ನಿಮಿಷ ಅವನಿಗೆ ಇರಲಿಲ್ಲ, ನನ್ನ ಎರಡು ಸಾವಿರದ ನಾಲ್ಕು ನೂರು ರೂಪಾಯಿ ಎಣಿಸಿಕೊಳ್ಳಲು ಮಾತ್ರ ಬೇಕಾದಷ್ಟು ಹೊತ್ತಿತ್ತು. ಹೊಸ ಬುಶ್ ಹಾಕಿಸಿಕೊಂಡು ಮನೆಗೆ ಬಂದು ಅಲುಗಿಸಿದರೆ ಗಾಲಿ ಹಿಂದಿನಂತೆಯೇ ಟಕಟಕ ಎನ್ನುತ್ತಿತ್ತು.

ಮೂರನೆಯ ಸಲ ಬೇರಿಂಗ್ ಬದಲಿಸಿದೆನೆಂದ. ಒಂದು ವಾರಕ್ಕೆ ಮತ್ತೆ ಅದೇ ಸದ್ದು ಬಂದಾಗ ನನಗೆ ತಡೆಯಲಾಗದೆ, ಅಣ್ಣನ ಮಗನನ್ನು ಕರೆದುಕೊಂಡು ಮನೆಯ ಅಂಗಳದಲ್ಲೇ ಗಾಲಿ ಬಿಚ್ಚಿದೆ. ಒಳಗೆ ಕಂಡದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊರಗಿನ ಬೇರಿಂಗಿನ ಕೋನು ಮಾತ್ರ ಹೊಸದಾಗಿತ್ತು, ಅದು ಕೂರುವ ಕಪ್ಪು ಹಳೆಯದೇ, ಮೈತುಂಬ ಗುಳಿ ಬಿದ್ದದ್ದು. ಜೊತೆಯಾಗಿ ಸವೆಯುವ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕೆಂಬುದು ಅವನಿಗೆ ತಿಳಿಯದೆಂದು ನಾನು ನಂಬುವುದಿಲ್ಲ. ಒಳಗಿನ ಬೇರಿಂಗನ್ನು ಮುಟ್ಟಿರಲೇ ಇಲ್ಲ. ಗ್ರೀಸ್ ಸೋರದಂತೆ, ಕೆಸರು ಒಳಬಾರದಂತೆ ತಡೆಯುವ ಆಯಿಲ್ ಸೀಲನ್ನು ತಿರುವುಮುರುವಾಗಿ ಕೂರಿಸಿದ್ದರಿಂದ ನಮ್ಮ ಎರೆ ಮಣ್ಣಿನ ಕೆಸರು ನೆಟ್ಟಗೆ ಒಳಹೊಕ್ಕು ಗ್ರೀಸಿನೊಂದಿಗೆ ಕಲಸಿಕೊಂಡು, ಸಾಣೆ ಹಿಡಿಯುವ ಪುಡಿಯಂತೆ ಬೇರಿಂಗನ್ನು ಅರೆಯುತ್ತಿತ್ತು. ಆ ಕೆಸರಿನ ಮೇಲೆಯೇ ಹೊಸ ಗ್ರೀಸ್ ಮೆತ್ತಲಾಗಿತ್ತು. ಇನ್ನು ನಟ್ಟು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ಏನಿತ್ತು ಗೊತ್ತೇ? ಬಾಗಿಸಿದ ಒಂದು ಮೊಳೆ! ಹತ್ತು ರೂಪಾಯಿಯೂ ಬೀಳದ ಪಿನ್ನಿನ ಬದಲು ಮೊಳೆ ಹಾಕಿದವನು, ಟ್ರೇಲರ್ ಕಟ್ಟಿಕೊಂಡು ರಸ್ತೆಯಲ್ಲಿ ಹೋಗುವಾಗ ಗಾಲಿಯೇ ಕಳಚಿಬಿದ್ದಿದ್ದರೆ ಯಾರ ಮನೆಗೆ ಬಂದು ಏನು ಹೇಳುತ್ತಿದ್ದ?

ಕೊನೆಗೆ ಕಲಬುರಗಿಯಿಂದ ಎರಡು ಬೇರಿಂಗುಗಳನ್ನು ಕಪ್ ಸಹಿತ ತಂದು, ಹಬ್ಬನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ರೋಲರುಗಳ ಸಂದಿಗಳಿಗೆ ಅಂಗೈಯಿಂದ ಗ್ರೀಸ್ ತುಂಬಿ ನಾವೇ ಜೋಡಿಸಿದೆವು. ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿಯುತ್ತ ಹೋಗಿ, ತಿರುಗುವುದು ಭಾರವಾದ ಕೂಡಲೇ ನಿಲ್ಲಿಸಿ, ನಟ್ಟಿನ ಒಂದು ಸೀಳಿನಷ್ಟು ಹಿಂದಕ್ಕೆ ಬಿಟ್ಟು, ಸೀಳು ಅಚ್ಚಿನ ರಂಧ್ರಕ್ಕೆ ಸರಿಹೊಂದಿದಲ್ಲಿ ಹೊಸ ಪಿನ್ ಹಾಕಿದೆವು. ಬೇರಿಂಗಿನ ಪ್ಲೇ ಸರಿಪಡಿಸುವುದೆಂದರೆ ಇಷ್ಟೇ. ಪೈಪು ಬೇಕಾಗಲಿಲ್ಲ, ಮೈಭಾರವೂ ಬೇಕಾಗಲಿಲ್ಲ. ಈಗ ಅರ್ಧ ದಿನ ಓಡಿಸಿದರೂ ಹಬ್ ಕೈಗೆ ಬೆಚ್ಚಗೆ ಮಾತ್ರ ಇರುತ್ತದೆ.

ಆದರೆ ಅಷ್ಟರಲ್ಲಿ ಪುಷ್ಯ ಮಳೆಯೂ ಕಳೆದು, ಎರಡು ಎಕರೆಯಲ್ಲಿ ಕಸ ತೊಗರಿಗಿಂತ ಎತ್ತರವಾಗಿತ್ತು, ಆಳು ಹಚ್ಚಿ ಕಳೆ ತೆಗೆಸಿದ ಕೂಲಿ ಬೇರೆ. ಗುಳಿಬಿದ್ದ ಕಪ್ಪನ್ನೂ ಆ ಮೊಳೆಯನ್ನೂ ಕಾಗದದಲ್ಲಿ ಕಟ್ಟಿಕೊಂಡು ಗ್ಯಾರೇಜಿಗೆ ಹೋಗಿ ಅವನ ಮುಂದಿಟ್ಟೆ. ಅವನು ಪೊಟ್ಟಣ ಬಿಚ್ಚಿಯೂ ನೋಡದೆ, "ಈಗ ಮಾಲೇ ಹಂಗ ಬರಲತ್ತದ ಕಾಕಾ, ನಾವೇನ್ ಮಾಡಬೇಕು" ಎಂದ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಕೇಳಿದ: "ಹೋದ ಸಲದ್ದು ಇನ್ನೂರು ಬಾಕಿ ಅದ ನೋಡ್ರಿ, ಯಾವಾಗ ಕೊಡ್ತೀರಿ?"